ಪಡುವಣ ಗಾಳಿಗೆ ಗುಂಡು ಬಲಕ್ಕೆ ಸರಿಯುವುದು ಸರಿ, ಕೆಳಗೇಕೆ ಇಳಿಯುತ್ತದೆ?

ಧಾರವಾಡದ ಶೂಟರ್: ಆಷಾಢದ ಗಾಳಿ ನಮ್ಮಲ್ಲಿ ಹೇಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಅಭ್ಯಾಸ ಮಾಡುವ 50 ಮೀಟರ್ ರೇಂಜ್ ಉತ್ತರಕ್ಕೆ ಮುಖ ಮಾಡಿರುವುದರಿಂದ ಪಡುವಣ ಗಾಳಿ ನೇರವಾಗಿ ಎಡಗಡೆಯಿಂದ ಬರುತ್ತದೆ. ಕಳೆದ ವಾರ ಪಾಯಿಂಟ್ ಟೂ ಟೂ (0.22 ಇಂಚು ಅಳತೆಯ ಸಣ್ಣ ಗುಂಡಿನ) ರೈಫಲ್‌ನಿಂದ ಹೊಡೆದ ಗುಂಡುಗಳು ಬಲಕ್ಕೆ ಸರಿದವು, ಜೊತೆಗೆ ತುಸು ಕೆಳಗೂ ಬಿದ್ದವು. ಗಾಳಿಯಲ್ಲಿ ಕಡಿಮೆ ಹೊತ್ತು ಇರಲಿ ಎಂದು ಹೆಚ್ಚು ವೇಗದ ಕಾಡತೂಸು ಹಾಕಿದರೆ ಬಲಕ್ಕೆ ಸರಿಯುವುದು ಇನ್ನೂ ಹೆಚ್ಚಾಯಿತು. ಗಾಳಿ ನಿಂತಿದ್ದ ಬೆಳಗಿನ ಹೊತ್ತಿನಲ್ಲಿ ಎರಡು ಬಗೆಯ ಕಾಡತೂಸಿಗೂ ಬೇರೆಬೇರೆಯಾಗಿ ರೈಫಲ್ಲಿನ ಸೈಟ್ (ಗುರಿ ಹಿಡಿಯುವ ಸಾಧನ) ಹೊಂದಿಸಿಕೊಂಡಿದ್ದೆ. ಆದ್ದರಿಂದ ಗುರುತ್ವದ ಲೆಕ್ಕ ಇದರಲ್ಲಿ ಬರುವುದಿಲ್ಲ.

ಹುಬ್ಬಳ್ಳಿ ಮೆಕ್ಯಾನಿಕಲ್: ಕೆಳಗೆ ಬೀಳುವುದಕ್ಕೆ ಮ್ಯಾಗ್ನಸ್ ಪರಿಣಾಮವೇ ಕಾರಣ. ತಿರುಗುವ ಚೆಂಡು ಗಾಳಿಯಲ್ಲಿ ಹೊರಳುವಂತೆ ತಿರುಗುವ ಗುಂಡೂ ಹೊರಳುತ್ತದೆ. ವೇಗದ ಕಾಡತೂಸಿನ ಮಾತನ್ನು ಮಾತ್ರ ನಾನು ನಂಬಲಾರೆ. ಬೇಗ ತಲುಪುವ ಗುಂಡನ್ನು ಗಾಳಿ ಹೆಚ್ಚು ತಳ್ಳುವುದೆಂದರೇನು? ಆ ಹೊತ್ತಿಗೆ ಗಾಳಿಯೇ ಜೋರಾಗಿರಬೇಕು.

ನಿವೃತ್ತ ಮಾಸ್ತರ: ತಮ್ಮಾ, ಎರಡರಲ್ಲೂ ಅವಸರ ಮಾಡಿದ್ದೀಯ. ಗಾಳಿ ಗುಂಡನ್ನು ಪಕ್ಕದಿಂದ ಹಿಡಿದು ನೂಕುತ್ತದೆ ಎಂಬ ಕಲ್ಪನೆಯಲ್ಲೇ ತಪ್ಪಿದೆ. ಗುಂಡು ತನ್ನ ಮೂತಿಯನ್ನು ತನ್ನೆದುರಿಗೆ ಬರುವ ಒಟ್ಟು ಗಾಳಿಯ ಕಡೆಗೆ ಕೂಡಲೇ ಹೊಂದಿಸಿಕೊಳ್ಳುತ್ತದೆ; ಆಮೇಲೆ ಗಾಳಿಯ ತಡೆ ಆ ಓರೆ ದಿಕ್ಕಿನಲ್ಲೇ ಹಿಂದಕ್ಕೆ ಎಳೆಯುವುದರಿಂದ ಗುಂಡು ಪಕ್ಕಕ್ಕೆ ಸರಿಯುತ್ತದೆ. ಆದಕಾರಣ ಲೆಕ್ಕಕ್ಕೆ ಬರುವುದು ಹಾರಾಟದ ಒಟ್ಟು ಸಮಯವಲ್ಲ, ತಡೆಯಿಂದಾಗಿ ಕಳೆದುಹೋದ ಸಮಯ. 19ನೆಯ ಶತಮಾನದ ಫ್ರೆಂಚ್ ಫಿರಂಗಿದಳದ ಅಧಿಕಾರಿ ಡಿಡಿಯೋನ್ ಅವರ ಸೂತ್ರ ಇದನ್ನೇ ಹೇಳುತ್ತದೆ: ನಿಜವಾಗಿ ಹಿಡಿದ ಸಮಯದಿಂದ ನಿರ್ವಾತದಲ್ಲಿ ಹಿಡಿಯುತ್ತಿದ್ದ ಸಮಯವನ್ನು ಕಳೆದು, ಉಳಿದದ್ದನ್ನು ಪಕ್ಕದ ಗಾಳಿಯ ವೇಗದಿಂದ ಗುಣಿಸಬೇಕು.

ಅಂದಾಜು ಅಂಕಿಗಳನ್ನು ಇಟ್ಟು ನೋಡೋಣ. ನಿಧಾನದ ಗುಂಡು ಸೆಕೆಂಡಿಗೆ 325 ಮೀಟರ್ ವೇಗದಲ್ಲಿ ಹೊರಟು ಗುರಿಯ ಬಳಿ 300ಕ್ಕೆ ಇಳಿದರೆ ಕಳೆದುಹೋದ ಸಮಯ 0.0062 ಸೆಕೆಂಡ್. ವೇಗದ ಗುಂಡು 375ರಲ್ಲಿ ಹೊರಟು 335ಕ್ಕೆ ಇಳಿದರೆ ಅದು 0.0075 ಸೆಕೆಂಡ್. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಮೊದಲನೆಯದು ಸುಮಾರು 19 ಮಿಲಿಮೀಟರ್ ಸರಿದರೆ ಎರಡನೆಯದು 22 ದಾಟುತ್ತದೆ. ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಎಂಬುದನ್ನು ನೆನಪಿಡಬೇಕು.

ಗದುಗಿನವ: ಮಾಸ್ತರರೇ, ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಅದರಿಂದ ನಿಧಾನದ ಗುಂಡೇ ಮೇಲು ಎಂಬ ಅರ್ಥ ಹೊರಡುತ್ತದೆ. ಸೈನ್ಯದ 7.62 ಮಿಲಿಮೀಟರ್ ರೈಫಲ್ ಗುಂಡು ಸೆಕೆಂಡಿಗೆ 800 ಮೀಟರಿಗೂ ಮೀರಿ ಹೊರಡುತ್ತದೆ. ಅಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಗೆ ಸರಿಯುವುದು ಕಡಿಮೆ.

ನಿವೃತ್ತ ಮಾಸ್ತರ: ನಿಮ್ಮ ಮಾತು ನಿಜ, ನಾನೇ ಹೇಳಬೇಕಾಗಿತ್ತು. ಶಬ್ದದ ವೇಗ ಈಗಿನ ಹವೆಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್. ಆ ವೇಗದ ಆಸುಪಾಸಿನಲ್ಲಿ ಗುಂಡಿನ ಮುಂದೆ ಆಘಾತ ತರಂಗ ಏಳುವುದರಿಂದ ತಡೆಯ ಗುಣಾಂಕ (ಗಾಳಿ ಗುಂಡನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) ಒಮ್ಮೆಲೇ ಏರಿ, ಅದನ್ನು ಬಹುದೂರ ದಾಟಿದ ಮೇಲೆ ಮತ್ತೆ ಮೆಲ್ಲಗೆ ಇಳಿಯುತ್ತದೆ. ಸೈನ್ಯದ ಗುಂಡು ಆ ದಿಬ್ಬದ ಆಚೆ ಇದೆ, ಸ್ಪರ್ಧೆಯ ಪಾಯಿಂಟ್ ಟೂ ಟೂ ಗುಂಡು ಈಚೆಗಿದೆ. ನಮ್ಮ ಶೂಟರ್ ಹಾಕಿದ ವೇಗದ ಕಾಡತೂಸು ಸರಿಯಾಗಿ ದಿಬ್ಬದ ಮೇಲೆಯೇ ಓಡಾಡುತ್ತದೆ. ಸ್ಪರ್ಧೆಯ ಕಾಡತೂಸುಗಳನ್ನು ಶಬ್ದದ ವೇಗಕ್ಕಿಂತ ಕೆಳಗೆ ಇಡುವುದಕ್ಕೆ ಇದೂ ಒಂದು ಕಾರಣ.

ಹುಬ್ಬಳ್ಳಿ ಮೆಕ್ಯಾನಿಕಲ್: ವೇಗದ ವಿಷಯದಲ್ಲಿ ಸೋತೆ ಸರ್. ಮ್ಯಾಗ್ನಸ್ ವಿಷಯದಲ್ಲಿ ಸೋತಿಲ್ಲ.

ನಿವೃತ್ತ ಮಾಸ್ತರ: ದಿಕ್ಕನ್ನು ನೋಡು. ಬಲಸುತ್ತಿನ ನಳಿಕೆಯಿಂದ, ಅಂದರೆ ಒಳಗಿನ ಗೀರುಗಳು ಬಲಕ್ಕೆ ಸುತ್ತಿಕೊಂಡಿರುವ ನಳಿಕೆಯಿಂದ, ಹೊರಟ ಗುಂಡು, ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಗಾಳಿ ಎಡದಿಂದ ಬಂದರೆ ಗುಂಡಿನ ಮೇಲ್ಭಾಗ ಗಾಳಿಯ ಜೊತೆಗೂ ಕೆಳಭಾಗ ಗಾಳಿಗೆ ಎದುರಾಗಿಯೂ ಚಲಿಸುತ್ತದೆ. ಹಾಗಿದ್ದರೆ ಮ್ಯಾಗ್ನಸ್ ಬಲ ಗುಂಡನ್ನು ಮೇಲಕ್ಕೆ ಎತ್ತಬೇಕು. ಇಲ್ಲಿ ಗುಂಡು ಕೆಳಗೆ ಬಿದ್ದಿದೆ.

ನಿಜವಾದ ಕಾರಣ ಬಗರಿಯ ಗುಣ. ಗುಂಡಿನ ಮೇಲೆ ಗಾಳಿಯ ಒತ್ತಡ ಕೂಡುವ ಬಿಂದು ಅದರ ಭಾರಕೇಂದ್ರಕ್ಕಿಂತ ಮುಂದಿದೆ. ತಿರುಗದಿದ್ದರೆ ಅದು ಪಲ್ಟಿ ಹೊಡೆಯುತ್ತಿತ್ತು. 16 ಇಂಚಿಗೆ ಒಂದು ಸುತ್ತಿನ ನಳಿಕೆಯಲ್ಲಿ ಅದು ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತದೆ. ನಳಿಕೆಯಿಂದ ಹೊರಬಿದ್ದ ಕ್ಷಣದಲ್ಲಿ ಎಡದ ಗಾಳಿ ಮೂತಿಯನ್ನು ಬಲಕ್ಕೆ ನೂಕಲು ಹೋದಾಗ, ಬಗರಿಯನ್ನು ತಳ್ಳಿದರೆ ಅದು ತಳ್ಳಿದ ಕಡೆಗೆ ಬೀಳದೆ ಅಡ್ಡಕ್ಕೆ ವಾಲುವಂತೆ, ಮೂತಿ ಮೊದಲು ಕೆಳಗೆ ಬಾಗಿ ಆಮೇಲೆ ಸುತ್ತಿಕೊಂಡು ಸರಿಹೋಗುತ್ತದೆ. ಆ ಮೊದಲ ಬಾಗಿನಲ್ಲಿ ಹುಟ್ಟುವ ಬಲದಿಂದ ಹಾದಿಯೇ ತುಸು ಕೆಳಮುಖವಾಗುತ್ತದೆ. ಗಡಿಯಾರದ ಭಾಷೆಯಲ್ಲಿ ಹೇಳುವುದಾದರೆ ಎಡದ ಗಾಳಿಗೆ ಗುಂಡು 4 ಗಂಟೆಯ ಕಡೆಗೂ ಬಲದ ಗಾಳಿಗೆ 10 ಗಂಟೆಯ ಕಡೆಗೂ ಹೋಗುತ್ತದೆ.

ಗದುಗಿನವ: ವಿವರಣೆ ಒಪ್ಪುವಂತಿದೆ. ಆದರೂ ಕಪ್ಪತಗುಡ್ಡದ ಗಾಳಿಯಂತ್ರಗಳ ನಡುವೆ ಓಡಾಡಿದ ನನಗೆ ಒಂದು ಅನುಮಾನ ಉಳಿಯುತ್ತದೆ. ಗಾಳಿ ಎಂದೂ ನೆಲಕ್ಕೆ ಸಮನಾಗಿ ಬರುವುದಿಲ್ಲ; ದಿಬ್ಬವನ್ನು ಹತ್ತಿ ಇಳಿಯುತ್ತದೆ. ರೇಂಜಿನ ಪಡುವಣ ಬದಿಯಲ್ಲಿ ಮಣ್ಣಿನ ಏರಿ ಇದ್ದರೆ ಅದನ್ನು ದಾಟಿ ಕೆಳಗೆ ಧುಮುಕುವ ಗಾಳಿಯೂ ಗುಂಡನ್ನು ಕೆಳಗೆ ಒಯ್ಯಬಲ್ಲದು.

ಧಾರವಾಡದ ಶೂಟರ್: ಏರಿ ಇದೆ, ಆಳೆತ್ತರಕ್ಕಿಂತ ಹೆಚ್ಚು. ಆದರೆ ಅಂಥದ್ದೇ ಏರಿ ಮೂಡಣ ಬದಿಯಲ್ಲೂ ಇದೆ. ಏರಿಯೇ ಕಾರಣವಾದರೆ ಮೂಡಗಾಳಿಗೂ ಗುಂಡು ಕೆಳಗೇ ಬೀಳಬೇಕು. ಮಾಸ್ತರರ ಮಾತು ನಿಜವಾದರೆ ಎಡಕ್ಕೆ ಸರಿದು ಮೇಲೇರಬೇಕು. ಕಾರ್ತಿಕದಲ್ಲಿ ಮೂಡಗಾಳಿ ಬಿದ್ದ ಮೇಲೆ ಅದೇ ನಿಧಾನದ ಕಾಡತೂಸಿನಿಂದ ಹೊಡೆದು, ಟಾರ್ಗೆಟ್ ಕಾಗದದ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.