ಅಪ್‌ಡೇಟ್: ಬುದ್ಧಿಹಲ್ಲು ಕೀಳಿಸಿದ ಮೂರನೇ ದಿನ ಏರಿದ ನೋವು

ಕೆಳದವಡೆಯ ಬುದ್ಧಿಹಲ್ಲು ಕೀಳಿಸಿ ಮೂರನೇ ದಿನಕ್ಕೆ ನೋವು ಇಳಿಯುವ ಬದಲು ಕಿವಿಯವರೆಗೂ ಏರಿದೆ, ಏನು ಮಾಡಲಿ ಎಂದು ಕೇಳಿದ್ದೆ. ಇವತ್ತಿಗೆ ಹತ್ತು ದಿನ, ನೋವಿಲ್ಲ.

"ಮನೆಮದ್ದು ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ" ಅಂದವರ ಮಾತೇ ಸರಿಯಾಯ್ತು. ಅದು ಡ್ರೈ ಸಾಕೆಟ್. ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಳಚಿದರೆ ಒಳಗಿನ ಮೂಳೆ ಬರಿದಾಗುತ್ತದೆ. ಸಲೈನ್‌ನಲ್ಲಿ ಗುಳಿ ತೊಳೆದು, ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಎಂಬ ನೋವು ತಗ್ಗಿಸುವ ಅಂಶದ ಡ್ರೆಸ್ಸಿಂಗ್ ಇಟ್ಟರು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಿಳಿಯಿತು. ಎರಡು ದಿನ ಬಿಟ್ಟು ಬದಲಾಯಿಸಿದರು.

ಗುಳಿಗೇ ಲವಂಗ ತುರುಕುವ ಸಲಹೆ ಬೇಡವೇ ಬೇಡ. ಚೂರು ಒಳಗೇ ಸಿಕ್ಕಿಕೊಳ್ಳುತ್ತದೆ, ಒಸಡೂ ಉರಿಯುತ್ತದೆ.

ಉಪ್ಪುನೀರು ಒಳ್ಳೆಯದೇ, ಆದರೆ ಮೊದಲ 24 ಗಂಟೆ ಬೇಡ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಪ್ರತಿ ಊಟದ ನಂತರ. ಜೋರಾಗಿ ಮುಕ್ಕಳಿಸಿ ಉಗಿದರೆ ಹೆಪ್ಪು ಕಿತ್ತುಬರುತ್ತದೆ. ತಲೆ ಓರೆ ಮಾಡಿ ನೀರನ್ನು ಆ ಬದಿಗೆ ಹರಿಸಿ, ಬಾಯಿ ತೆರೆದು ಸುಮ್ಮನೆ ಸಿಂಕಿಗೆ ಬೀಳಲು ಬಿಡಿ. ಎಳನೀರನ್ನು ಸ್ಟ್ರಾದಲ್ಲಿ ಹೀರಿದರೂ ಅದೇ ಅಪಾಯ; ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಬೀಡಿ ಸಿಗರೇಟಂತೂ ಗಾಯ ಮಾಯುವವರೆಗೆ ಮುಟ್ಟಬಾರದು.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು: ಗಾಯದ ಮೇಲೆ ಕಾಣುವ ಬಿಳಿ-ಹಳದಿ ಪೊರೆ ಸಾಮಾನ್ಯವಾಗಿ ಕೀವಲ್ಲ, ಮಾಯುತ್ತಿರುವ ಪದರ. ಕೆರೆದು ತೆಗೆಯಬೇಡಿ. ಜ್ವರ ಬಂದರೆ, ಮೂರು ದಿನದ ಮೇಲೂ ಊತ ಹೆಚ್ಚುತ್ತಿದ್ದರೆ, ನುಂಗಲು ಕಷ್ಟವಾದರೆ ಒಂದು ಗಂಟೆಯೂ ಕಾಯದೆ ಡಾಕ್ಟರ ಬಳಿಗೆ ಹೊರಡಿ.