ಐಐಎಸ್ಸಿಲಿ ಎಂಟೆಕ್ ಸಿಎಸ್‌ಇ, ಎಐ, ಸಿಡಿಎಸ್, ಇಲ್ಲಾ ರಿಸರ್ಚ್ ಎಂಟೆಕ್? ಯಾವ್ದನ್ನ ಮೇಲೆ ಹಾಕ್ಲಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು, ವಿಟಿಯು ಕೆಳಗಿನ ಒಂದು ಕಾಲೇಜಲ್ಲಿ ಬಿಇ ಸಿಎಸ್ ಮುಗ್ಸಿ ಈಗ ಬೆಂಗಳೂರಲ್ಲಿ ಸರ್ವಿಸ್ ಕಂಪನೀಲಿ ಟೆಸ್ಟಿಂಗ್ ಕೆಲಸ. ಬೆಳಿಗ್ಗೆ ಎದ್ದು ಓದಿ ಗೇಟ್ (ಎಂಟೆಕ್ ಸೇರೋಕೆ ಬರಿಯೋ ಪರೀಕ್ಷೆ) ಬರ್ದಿದೀನಿ, ಆನ್ಸರ್ ಕೀ ಇಟ್ಕೊಂಡು ನೋಡಿದ್ರೆ ಪರವಾಗಿಲ್ಲ ಅನ್ಸ್ತಿದೆ, ತೀರಾ ಟಾಪ್ ಅಲ್ಲ. ಐಐಎಸ್ಸಿ ಅಪ್ಲಿಕೇಶನ್ ಓಪನ್ ಮಾಡಿ ಕೂತ್ರೆ ತಲೆ ಗಿರ್ ಅಂತು. ಎಂಟೆಕ್ ಸಿಎಸ್‌ಇ ಇದೆ, ಎಐ ಅಂತ ಬೇರೆ ಇದೆ, ಕಂಪ್ಯುಟೇಶನಲ್ ಅಂಡ್ ಡೇಟಾ ಸೈನ್ಸ್ (ಸಿಡಿಎಸ್) ಅಂತ ಇನ್ನೊಂದು, ಇದ್ರ ಮೇಲೆ ಎಂಟೆಕ್ ರಿಸರ್ಚ್. ಆಫೀಸಲ್ಲಿ ಕೇಳಿದ್ರೆ ಎಲ್ರೂ "ಎಐ ಹಾಕು, ಈಗ ಅದೇ ನಡೀತಿರೋದು" ಅಂತಾರೆ. ನಂಗೆ ಮೆಷಿನ್ ಲರ್ನಿಂಗ್ ಇಷ್ಟಾನೇ ಆದ್ರೆ ಆಪರೇಟಿಂಗ್ ಸಿಸ್ಟಮ್ ಓದುವಾಗ ಸಿಕ್ಕ ಖುಷಿ ಅದ್ರಲ್ಲಿ ಸಿಕ್ಕಿಲ್ಲ. ಮನೇಲಿ ಅಮ್ಮ ಒಬ್ರೇ, ಸ್ಟೈಪೆಂಡ್ ಬರುತ್ತಾ ಅನ್ನೋದೂ ಮುಖ್ಯ. ಓದಿದವ್ರು, ಓದ್ತಿರೋರು ಇದ್ರೆ ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಮತ್ತಿಕೆರೆ ಮಾವ:
ನೋಡಮ್ಮ, ನಾನು ಅಲ್ಲೇ ಸಿಎಸ್‌ಎ ಡಿಪಾರ್ಟ್‌ಮೆಂಟಲ್ಲಿ ಓದಿದೋನು, ಸುಮಾರು ವರ್ಷ ಆಯ್ತು. ಸಿಎಸ್‌ಎ ಅಂದ್ರೆ ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಶನ್, ಹಳೇ ಕಾಲಕ್ಕೆ ಸ್ಕೂಲ್ ಆಫ್ ಆಟೊಮೇಶನ್ ಅಂತ ಇತ್ತು, ಆ ಬಾಲ ಇನ್ನೂ ಹೆಸರಲ್ಲಿ ಉಳ್ಕೊಂಡಿದೆ.

ಮೊದ್ಲು ಎಐ-ಸಿಎಸ್‌ಇ ಜಗಳ ಪಕ್ಕಕ್ಕಿಡು. ನೀನು ಮೊದ್ಲು ತೀರ್ಮಾನ ಮಾಡ್ಬೇಕಾಗಿರೋದು ಕೋರ್ಸ್‌ವರ್ಕಾ ರಿಸರ್ಚಾ ಅನ್ನೋದು. ಎಂಟೆಕ್ ಸಿಎಸ್‌ಇ, ಎಐ, ಸಿಡಿಎಸ್ ಮೂರೂ ಕೋರ್ಸ್‌ವರ್ಕು, ಎರಡು ವರ್ಷ, ಮೊದಲನೇ ವರ್ಷ ಪೂರ್ತಿ ಕ್ಲಾಸು ಅಸೈನ್‌ಮೆಂಟು ಅಂತ ಉಸಿರು ಬಿಡಕ್ಕಾಗಲ್ಲ, ಎರಡನೇ ವರ್ಷ ಮುಖ್ಯವಾಗಿ ಪ್ರಾಜೆಕ್ಟು. ಎಂಟೆಕ್ ರಿಸರ್ಚ್ ಅನ್ನೋದೇ ಬೇರೆ ಪ್ರಾಣಿ. ನಮ್ ಕಾಲದಲ್ಲಿ ಅದನ್ನ ಎಂಎಸ್ಸಿ ಇಂಜಿನಿಯರಿಂಗ್ ಅಂತಿದ್ರು, ಊರಲ್ಲಿ ಹೇಳಿದ್ರೆ "ಬಿಇ ಆದ್ಮೇಲೆ ಎಂಎಸ್ಸಿ ಯಾಕಪ್ಪ ಮಾಡ್ತೀಯ" ಅಂತ ಕೇಳೋರು, ಹೆಸರು ಬದಲಾದ್ಮೇಲೆ ಆ ಕಾಟ ತಪ್ತು. ಅದ್ರಲ್ಲಿ ಕೋರ್ಸ್ ಕಮ್ಮಿ, ಒಬ್ರು ಗೈಡ್, ಒಂದು ಪ್ರಾಬ್ಲಂ, ಕೊನೇಲಿ ಥೀಸಿಸ್ಸು. ಎರಡು ವರ್ಷಕ್ಕೇ ಮುಗಿಯುತ್ತೆ ಅಂತ ಅಂದ್ಕೊಂಡು ಹೋಗ್ಬೇಡ, ಎರಡೂವರೆ ಮೂರು ಆಗೋದು ಮಾಮೂಲಿ. ಗೈಡ್ ಜತೆ ಹೊಂದ್ಕೊಂಡ್ರೆ ಅಷ್ಟು ಚೆನ್ನಾಗಿರೋ ದಿನ ಇನ್ನೊಂದಿಲ್ಲ, ಹೊಂದಿಲ್ಲ ಅಂದ್ರೆ ಕಷ್ಟ, ಅದನ್ನ ಮುಚ್ಚಿಡಲ್ಲ.

ಇನ್ನು ಕೋರ್ಸ್‌ವರ್ಕಲ್ಲಿ. ಸಿಎಸ್‌ಇಲಿ ಕೋರ್ಸ್‌ಗಳನ್ನ ಮೂರು ಪೂಲ್ ಮಾಡಿದಾರೆ: ಎ ಅಂದ್ರೆ ಥಿಯರಿ (ಅಲ್ಗಾರಿದಮ್, ಕಾಂಪ್ಲೆಕ್ಸಿಟಿ, ಕ್ರಿಪ್ಟೋಗ್ರಫಿ ಈ ಥರ), ಬಿ ಅಂದ್ರೆ ಸಿಸ್ಟಮ್ಸ್ (ಓಎಸ್, ಕಂಪೈಲರ್, ಆರ್ಕಿಟೆಕ್ಚರ್, ಡೇಟಾಬೇಸ್), ಸಿ ಅಂದ್ರೆ ಇಂಟೆಲಿಜೆಂಟ್ ಸಿಸ್ಟಮ್ಸ್, ಎಂಎಲ್ ಎಲ್ಲ ಇಲ್ಲಿಗೇ ಬರುತ್ತೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ತಗೊಳ್ಳೇಬೇಕು, ಆಮೇಲೆ ನಿಂಗೆ ಬೇಕಾದ ಕಡೆ ವಾಲಬಹುದು. ಅಂದ್ರೆ ಸಿಎಸ್‌ಇಗೆ ಹೋದ್ರೆ ಎಂಎಲ್ ಏನೂ ತಪ್ಪಿ ಹೋಗಲ್ಲ, ಓಎಸ್ ಹುಚ್ಚು ಇರೋಳು ಬರೀ ಹೆಸರು ನೋಡಿ ಎಐ ಹಾಕಿದ್ರೆ ಓಎಸ್ಸು ಕಂಪೈಲರ್ರು ಮೂಲೆಗೆ ಹೋಗಿಬಿಡುತ್ತೆ. ಎಐ ಎಂಟೆಕ್ ನಡ್ಸೋದು ಒಂದೇ ಡಿಪಾರ್ಟ್‌ಮೆಂಟ್ ಅಲ್ಲ, ಸಿಎಸ್‌ಎ, ಇಸಿಇ (ಎಲೆಕ್ಟ್ರಿಕಲ್ ಕಮ್ಯುನಿಕೇಶನ್), ಇಇ (ಎಲೆಕ್ಟ್ರಿಕಲ್), ಇಎಸ್‌ಇ (ಎಲೆಕ್ಟ್ರಾನಿಕ್ ಸಿಸ್ಟಮ್ಸ್) ಸೇರಿರೋ ಡಿವಿಜನ್ನು. ಅಲ್ಲಿ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ, ಆಪ್ಟಿಮೈಸೇಶನ್ ಇದರಲ್ಲೇ ಬೆವರು ಇಳ್ಸೋದು, ಪೈಥಾನ್‌ನಲ್ಲಿ ಮಾಡೆಲ್ ಓಡ್ಸೋದು ಅಂದ್ಕೊಂಡು ಬಂದೋರು ಮೊದಲನೇ ತಿಂಗಳೇ ಬೆಚ್ಚಿ ಬೀಳ್ತಾರೆ.

ಸಿಡಿಎಸ್ ಬಗ್ಗೆ ಜನಕ್ಕೆ ಗೊತ್ತಿರೋದೇ ಕಮ್ಮಿ, ಅದು ಪಾಪ. ಹಿಂದೆ ಎಸ್‌ಇಆರ್‌ಸಿ ಅಂತ ಸೂಪರ್‌ಕಂಪ್ಯೂಟರ್ ಸೆಂಟರ್ ಇತ್ತಲ್ಲ, ಅದರೊಳಗಿಂದ ಬಂದಿರೋ ಡಿಪಾರ್ಟ್‌ಮೆಂಟು. 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್, 3.3 ಪೆಟಾಫ್ಲಾಪ್ಸಿಂದು, ಅದೇ ಕ್ಯಾಂಪಸ್ಸಲ್ಲೇ ಇರೋದು. ಪ್ಯಾರಲಲ್ ಪ್ರೋಗ್ರಾಮಿಂಗ್, ನ್ಯೂಮರಿಕಲ್ ಮೆಥಡ್ಸ್, ದೊಡ್ಡ ಡೇಟಾ ಸಿಸ್ಟಮ್, ಇದ್ರಲ್ಲಿ ಕೈ ಪಳಗ್ಬೇಕು ಅಂದ್ರೆ ಒಳ್ಳೇ ಜಾಗ.

ದುಡ್ಡಿನ ವಿಷ್ಯ: ಗೇಟ್ ಮೇಲೆ ಸೇರಿದ್ರೆ ತಿಂಗಳಿಗೆ 12,400 ಸ್ಟೈಪೆಂಡ್. ನಿನ್ನ ಹಾಸ್ಟೆಲ್ಲು ಮೆಸ್ಸು ನಡೀತದೆ, ಅಮ್ಮಂಗೆ ಕಳ್ಸೋ ಅಷ್ಟು ಉಳಿಯಲ್ಲ, ಅದನ್ನ ಈಗ್ಲೇ ಲೆಕ್ಕ ಹಾಕ್ಕೋ.

ಗಿರ್ಮಿಟ್ ಪ್ರಿಯ:
ಮತ್ತಿಕೆರೆ ಅವ್ರು ಎಲ್ಲಾ ಹೇಳ್ಯಾರ, ನಾ ಅಪ್ಲಿಕೇಶನ್ ಕಡಿ ಒಂದೆರಡು ಮಾತು ಹೇಳ್ತೀನಿ. ನಮ್ ಧಾರವಾಡ ಕಡಿ ಭಾಳ ಹುಡುಗ್ರು ಇಲ್ಲೇ ಎಡವ್ತಾರ ನೋಡ್ರಿ. ಸಿಒಎಪಿ ಅಂತ ಒಂದು ಪೋರ್ಟಲ್ ಐತಿ, ಐಐಟಿಗಳ್ದು ಐಐಎಸ್ಸಿದು ಆಫರ್ ಅಲ್ಲೇ ಕಾಣ್ಸೋದು. ಅದರಾಗ ರಿಜಿಸ್ಟರ್ ಮಾಡಿದ್ರ ಎಲ್ಲಾ ಕಡಿ ಅಪ್ಲೈ ಆತು ಅಂತ ತಿಳ್ಕೊಂಡು ಸುಮ್ನ ಕುಂತಿರ್ತಾರ. ಹಂಗಲ್ಲ. ಐಐಎಸ್ಸಿಗೆ ಬ್ಯಾರೆ ಅಪ್ಲಿಕೇಶನ್, ಒಂದೊಂದು ಐಐಟಿಗೂ ಬ್ಯಾರೆ ಬ್ಯಾರೆ ಹಾಕ್ಬೇಕು, ಫೀಸೂ ಬ್ಯಾರೆ. ಸಿಒಎಪಿ ಬರೇ ಆಫರ್ ತೋರ್ಸಿ ಹೂಂ ಉಹುಂ ಅನ್ನಿಸ್ಕೊಳ್ಳೋ ಜಾಗ ಅಷ್ಟ. ಎನ್‌ಐಟಿಗೆ ಸಿಸಿಎಂಟಿ ಅಂತ ಮತ್ತೊಂದು ಐತಿ, ಸುರತ್ಕಲ್ ಬೇಕಂದ್ರ ಅದ್ರಾಗ.

ಆಫರ್ ಬಂದ್ಮ್ಯಾಲೆ ಮೂರು ದಾರಿ ಇರ್ತಾವ. ಅಕ್ಸೆಪ್ಟ್ ಅಂಡ್ ಫ್ರೀಜ್ ಒತ್ತಿದ್ರ ಆಟ ಮುಗೀತು, ಮುಂದಿನ ರೌಂಡ್ ನಿಮಗ ಇಲ್ಲ. ರಿಟೇನ್ ಅಂಡ್ ವೇಟ್ ಅಂದ್ರ ಇದ್ದದ್ದು ಕೈಯಾಗ ಇಟ್ಕೊಂಡು ಚಲೋದಕ್ಕ ಕಾಯೋದು. ರಿಜೆಕ್ಟ್ ಅಂಡ್ ವೇಟ್ ಅಂದ್ರ ಆ ಆಫರ್ ಕೈ ಬಿಟ್ಟಂಗ. ಗಾಬರಿ ಆಗಿ ಮೊದಲ್ನೇ ರೌಂಡಿನಾಗ ಫ್ರೀಜ್ ಒತ್ತಿ ಆಮ್ಯಾಲೆ ಅಳಬ್ಯಾಡ್ರಿ ತಂಗಿ.

ಮತ್ತ ನೋಡ್ರಿ, ಕೋರ್ಸ್‌ವರ್ಕಿಗೆ ರ‍್ಯಾಂಕಿಗಿಂತ ಗೇಟ್ ಸ್ಕೋರ್ ನೋಡ್ತಾರ, 1000ಕ್ಕ ಇರ್ತದಲ್ಲ ಅದು. ಅದು ಮೂರು ವರ್ಷ ನಡೀತದ. ಈ ವರ್ಷ ಆಗ್ಲಿಲ್ಲ ಅಂದ್ರ ಸ್ಕೋರ್ ಏನ್ ಕೊಳತು ಹೋಗಂಗಿಲ್ಲ.

ಬಿಸಿಎ_ಹುಡ್ಗ:
ಮಧ್ಯೆ ಬಂದಿದ್ದಕ್ಕೆ ಸಾರಿ. ನಾನು ಬಿಸಿಎ ಕೊನೇ ವರ್ಷ, ಮೈಸೂರು. ನಂಗೆ ಇದ್ರಲ್ಲಿ ಯಾವ್ದಾದ್ರೂ ಆಗುತ್ತಾ ಇಲ್ಲ ಎಂಸಿಎ ಒಂದೇನಾ?

ಗಿರ್ಮಿಟ್ ಪ್ರಿಯ:
ತಮ್ಮಾ ನೀ ಮೊದ್ಲ ಎಂಸಿಎ ನೋಡು. ಈಗ ಅದು ಭಾಳ ಕಡಿ ಎರಡ ವರ್ಷ, ಮೊದ್ಲಿನಂಗ ಮೂರಲ್ಲ. ಕೆಇಎ ನಡ್ಸೋ ಪಿಜಿಸಿಇಟಿ ಬರಿ, ಅದ್ರ ಜೋಡಿ ನಿಮ್‌ಸೆಟ್ಟೂ ಬರಿ, ಸುರತ್ಕಲ್ ಎನ್‌ಐಟಿ ಎಂಸಿಎಗೆ ಅದ ದಾರಿ. ನಿಮ್ ಊರಾಗ ಮಾನಸಗಂಗೋತ್ರಿ ಐತಲ್ಲ, ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಅಲ್ಲೂ ಐತಿ, ಅದನ್ನ ಸಣ್ಣದು ಅಂತ ತಿಳೀಬ್ಯಾಡ. ಗಣಿತ ಬಿಟ್ಟಿದ್ರ ಇವತ್ತ ಶುರು ಮಾಡು.

ಲಾಗೌಟ್ ಲಕ್ಕಿ:
ಎಲ್ರೂ ಹೋಗು ಹೋಗು ಅಂತಿದೀರ, ನಾನೊಂದು ಅಡ್ಡ ಮಾತು ಆಡ್ತೀನಿ, ಬೈಬೇಡಿ. ಟೆಸ್ಟಿಂಗ್ ಇಂದ ಡೆವಲಪ್‌ಮೆಂಟ್‌ಗೆ ಹೋಗೋದಷ್ಟೇ ಗುರಿ ಆದ್ರೆ ಎರಡು ವರ್ಷದ ಸಂಬಳ ಬಿಟ್ಟು ಎಂಟೆಕ್ ಮಾಡೋದು ಬೇಕಿಲ್ಲ, ಕೂತು ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ಪ್ರಾಕ್ಟೀಸ್ ಮಾಡಿ ಕಂಪನಿ ಬದಲಾಯ್ಸಬಹುದು, ನಮ್ ಟೀಮಲ್ಲೇ ಹಾಗೆ ಬಂದೋರಿದಾರೆ. ಮನೇಲಿ ಅಮ್ಮ ನಿಮ್ಮ ಸಂಬಳ ನಂಬ್ಕೊಂಡಿದ್ರೆ ಇನ್ನೂ ಯೋಚ್ನೆ ಮಾಡಿ. ಕೆಲಸದಲ್ಲಿ ಇದ್ಕೊಂಡೇ ಓದೋಕೆ ಐಐಎಸ್ಸಿದೇ ಆನ್‌ಲೈನ್ ಎಂಟೆಕ್ ಇದೆ, ಕಂಪನಿ ಸ್ಪಾನ್ಸರ್ ಮಾಡ್ಬೇಕು ಅಷ್ಟೇ, ಅದನ್ನ ಮಾಡೋ ಕಂಪನಿ ಸಿಗೋದು ಕಷ್ಟ ಅನ್ನೋದು ಬೇರೆ ಮಾತು. ಎಲೆಕ್ಟ್ರಾನಿಕ್ ಸಿಟಿಲಿರೋ ಐಐಐಟಿ ಬೆಂಗಳೂರೂ ಒಳ್ಳೇದೇ, ಆದ್ರೆ ಅಲ್ಲಿ ಫೀಸ್ ಕೇಳಿದ್ರೆ ಐಐಎಸ್ಸಿ ನೆನಪಾಗುತ್ತೆ.

ತುಂಗಾತೀರ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ಲಕ್ಕಿ ಅವ್ರೇ, ಬರೀ ಕಂಪನಿ ಬದಲಾಯ್ಸೋದಾಗಿದ್ರೆ ಗೇಟ್ ಬರೀತಿರ್ಲಿಲ್ಲ. ಅಮ್ಮಂಗೆ ಪೆನ್ಶನ್ ಬರುತ್ತೆ, ನಾನು ಕೈ ಚಾಚದೇ ಇದ್ರೆ ಸಾಕು, 12,400 ಅಂದ್ರೆ ಆಗುತ್ತೆ. ಮತ್ತಿಕೆರೆ ಸರ್, ಒಂದು ಕೇಳ್ತೀನಿ. ಸಿಎಸ್‌ಇ ಕೋರ್ಸ್‌ವರ್ಕ್ ಸ್ಕೋರ್ ನಂದು ಮುಟ್ಟುತ್ತೋ ಇಲ್ವೋ ಗೊತ್ತಿಲ್ಲ. ರಿಸರ್ಚ್‌ಗೆ ಹಾಕಿದ್ರೆ ಇಂಟರ್ವ್ಯೂ ಹೆಂಗಿರುತ್ತೆ? ನಂಗೆ ಪೇಪರ್ ಪಬ್ಲಿಶ್ ಆಗಿರೋದು ಏನೂ ಇಲ್ಲ.

ಮತ್ತಿಕೆರೆ ಮಾವ:
ಪೇಪರ್ ಯಾರೂ ಕೇಳಲ್ಲ, ಬಿಇ ಮುಗ್ಸಿದ ಹುಡುಗೀರ ಹತ್ರ ಪೇಪರ್ ಎಲ್ಲಿಂದ ಬರ್ಬೇಕು. ಕೋರ್ಸ್‌ವರ್ಕ್ ಸಿಎಸ್‌ಇ ಸೀಟು ದೇಶಕ್ಕೇ ತೀರಾ ಮುಂದಿರೋ ಸ್ಕೋರ್‌ಗಳಲ್ಲೇ ಮುಗ್ದೋಗುತ್ತೆ, ಅದು ನಿಜ. ರಿಸರ್ಚಲ್ಲಿ ಹಾಗಲ್ಲ, ಅಲ್ಲಿ ಸ್ಕೋರು ಇಂಟರ್ವ್ಯೂ ಬಾಗಿಲವರೆಗೂ ಕರ್ಕೊಂಡ್ ಹೋಗುತ್ತೆ, ಒಳಗೆ ನೀನೇ ಮಾತಾಡ್ಬೇಕು. ಸಿಸ್ಟಮ್ಸ್ ಅಂತ ಹೇಳಿದ್ರೆ ಓಎಸ್ಸು ಆರ್ಕಿಟೆಕ್ಚರ್ರು ಬುಡದಿಂದ ಕೇಳ್ತಾರೆ. ಪೇಜ್ ಟೇಬಲ್ ಅಂದ್ರೇನು ಅಂತ ಡೆಫಿನಿಶನ್ ಕೇಳಲ್ಲ, ಪೇಜ್ ಸೈಜ್ ಎರಡರಷ್ಟು ಮಾಡಿದ್ರೆ ಟಿಎಲ್‌ಬಿಗೆ (ಪೇಜ್ ಅಡ್ರೆಸ್ ನೆನಪಿಟ್ಕೊಳ್ಳೋ ಸಣ್ಣ ಕ್ಯಾಶ್) ಏನಾಗುತ್ತೆ, ಮೆಮೊರಿ ಎಲ್ಲಿ ವೇಸ್ಟ್ ಆಗುತ್ತೆ, ಹಾಗಾದ್ರೆ ಇನ್ನೂ ದೊಡ್ಡದು ಯಾಕೆ ಮಾಡ್ಬಾರ್ದು, ಈ ಥರ ಒಂದ್ರಿಂದ ಒಂದು ಎಳೀತಾ ಹೋಗ್ತಾರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಆಮೇಲೆ ಹೀಗಿರಬಹುದಾ ಅಂತ ಜೋರಾಗಿ ಯೋಚ್ನೆ ಮಾಡು, ಅವ್ರು ನೋಡೋದು ಅದನ್ನೇ. ಎರಡು ಮೂರು ಸಬ್ಜೆಕ್ಟ್ ಮಾತ್ರ ಇಟ್ಕೊಂಡು ಗಟ್ಟಿ ಮಾಡು, ಎಲ್ಲಾ ಬರುತ್ತೆ ಅಂತ ಹೇಳೋಕೆ ಹೋಗ್ಬೇಡ. ಗಣಿತದಲ್ಲಿ ಪ್ರಾಬಬಿಲಿಟಿ ಇಲ್ಲ ಲೀನಿಯರ್ ಆಲ್ಜಿಬ್ರಾ ಯಾವ್ದಾದ್ರೂ ಒಂದು ಖಂಡಿತ ತಯಾರಿ ಇರ್ಲಿ.

ನಾನಾದ್ರೆ ನಿನ್ನ ಜಾಗದಲ್ಲಿ ಕೋರ್ಸ್‌ವರ್ಕಲ್ಲಿ ಸಿಎಸ್‌ಇ ಮೊದ್ಲು, ಸಿಡಿಎಸ್ ಎರಡು, ಎಐ ಮೂರು ಹಾಕ್ತೀನಿ, ಜತೆಗೆ ಸಿಎಸ್‌ಎ ರಿಸರ್ಚ್ ಬೇರೆಯಾಗಿ. ಸಿಸ್ಟಮ್ಸ್ ಲ್ಯಾಬ್‌ಗಳ ವೆಬ್‌ಪೇಜಲ್ಲಿ ಹಳೇ ಥೀಸಿಸ್ ಹೆಸರುಗಳಿರುತ್ತೆ, ಒಂದೆರಡರ ಅಬ್‌ಸ್ಟ್ರಾಕ್ಟ್ ಓದಿ ನೋಡು, ನಿದ್ದೆ ಬಂದ್ರೆ ರಿಸರ್ಚ್ ಕಾಲಂ ಖಾಲಿ ಬಿಡು.

ಲಾಗೌಟ್ ಲಕ್ಕಿ:
ಸರಿ ನಾನು ಸೋತೆ, ಹೋಗಿ ಬನ್ನಿ. ಕೆಲಸಕ್ಕೆ ರಿಸೈನ್ ಮಾತ್ರ ಆಫರ್ ಕೈಗೆ ಬರೋವರೆಗೂ ಹಾಕ್ಬೇಡಿ, ನೋಟಿಸ್ ಪೀರಿಯಡ್ ಮೂರು ತಿಂಗಳಿದ್ರೆ ಎಚ್‌ಆರ್ ಹತ್ರ ಈಗ್ಲೇ ನೈಸಾಗಿ ವಿಚಾರಿಸಿ, ಆಗಸ್ಟಲ್ಲಿ ಕ್ಲಾಸ್ ಶುರು.

ತುಂಗಾತೀರ:
ನೋಟಿಸ್ ಮೂರು ತಿಂಗಳೇ. ನಾಳೆ ಕೇಳ್ತೀನಿ.