ಅಪ್‌ಡೇಟ್: ಪೋಸ್ಟ್‌ಗ್ರೆಸ್‌ಗೆ ಬಂದ ಮೇಲಿನ 'ಡುಪ್ಲಿಕೇಟ್ ಕೀ' ಬಗೆಹರೀತು

ಪ್ರಶ್ನೆ ಇದಿತ್ತು: ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಯ ಡೇಟಾ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಪೂರ್ತಿ ಬಂದಿದೆ, ಹೊಸ ಲಾಟ್ ಸೇರಿಸಿದರೆ ಮಾತ್ರ 'ಡುಪ್ಲಿಕೇಟ್ ಕೀ' (ಈ ಐಡಿ ಆಗಲೇ ಇದೆ) ಅನ್ನೋ ಎರರ್.

ಕಾರಣ ನೀವೆಲ್ಲ ಹೇಳಿದ್ದೇ. ಹಳೆಯ ಐಡಿಗಳ ಸಮೇತ ಸಾಲುಗಳನ್ನು ತುಂಬಿದರೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ಮುಂದಿನ ಐಡಿ ಕೊಡುವ ಕೌಂಟರ್) ಅಲುಗೋದಿಲ್ಲ, 1ರಲ್ಲೇ ಕೂತಿರುತ್ತದೆ, ಹೊಸ ಸಾಲಿಗೆ ಆಗಲೇ ಇರುವ ಐಡಿಯನ್ನೇ ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ದೊಡ್ಡ ಐಡಿ ಬಂದರೆ ಕೌಂಟರ್ ತಾನೇ ಮುಂದಕ್ಕೆ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಫೇಲಾದ ಪ್ರತಿ ಇನ್ಸರ್ಟ್ (ಸಾಲು ಸೇರಿಸುವ ಕಮಾಂಡ್) ಕೂಡ ಸೀಕ್ವೆನ್ಸ್‌ನ ಒಂದು ನಂಬರ್ ನುಂಗುತ್ತದೆ, ಹಳೆಯ ಐಡಿಗಳನ್ನು ದಾಟಿದ ಮೇಲೆ ಪಾಸಾಗುತ್ತದೆ. ಹಾಗಾಗಿ ಸಣ್ಣ ಟೇಬಲ್‌ನಲ್ಲಿ "ನಾಕೈದು ಸಲ ಒತ್ತಿದ್ರ ಸೇವ್ ಆಗ್ತದ್ರಿ" ಅನ್ನೋ ದೂರು ಬಂದರೆ ಇದೇ ರೋಗ.

ಮದ್ದು: ಪ್ರತಿ ಟೇಬಲ್‌ಗೂ ಸೆಟ್‌ವ್ಯಾಲ್ (ಸೀಕ್ವೆನ್ಸ್‌ನ ನಂಬರ್ ಬದಲಿಸುವ ಫಂಕ್ಷನ್). ಅದಕ್ಕೆ ಮೊದಲು ಪಿಜಿ_ಗೆಟ್_ಸೀರಿಯಲ್_ಸೀಕ್ವೆನ್ಸ್ ಕೊಡುವ ಸೀಕ್ವೆನ್ಸ್ ಹೆಸರು, ಆಮೇಲೆ ಮ್ಯಾಕ್ಸ್ (ಅತಿ ದೊಡ್ಡ) ಐಡಿಗೆ 1 ಕೂಡಿಸಿದ್ದು, ಕೊನೆಗೆ ಫಾಲ್ಸ್ (ಮುಂದಿನ ಸಾಲಿಗೆ ಇದೇ ನಂಬರ್ ಕೊಡು ಅಂತ). ಖಾಲಿ ಟೇಬಲ್‌ನಲ್ಲಿ ಮ್ಯಾಕ್ಸ್ ನಲ್ (ಬೆಲೆಯೇ ಇಲ್ಲ) ಆಗುತ್ತದೆ, ಆಗ ಸೆಟ್‌ವ್ಯಾಲ್ ಎರರ್ ಕೂಡ ಕೊಡದೆ ಸುಮ್ಮನಾಗುತ್ತದೆ. ಕೋಅಲೆಸ್ ಫಂಕ್ಷನ್ ಹಾಕಿ ಆ ನಲ್ ಅನ್ನು 0 ಮಾಡಿಕೊಳ್ಳಿ. ಇದೆಲ್ಲ ಆ್ಯಪ್ ನಿಲ್ಲಿಸಿ ಮಾಡುವ ಕೆಲಸ.

ಐಡಿ ತಾನೇ ತುಂಬುವ ಕಾಲಮ್‌ಗೆ ಹಳೆಯ ಸೀರಿಯಲ್ ವಿಧಾನ ಬೇಡ, ಐಡೆಂಟಿಟಿ ಸಾಕು (ಪೋಸ್ಟ್‌ಗ್ರೆಸ್ ಆವೃತ್ತಿ 10ರಿಂದ ಇದೆ). ಅದರಲ್ಲಿ 'ಆಲ್ವೇಸ್' (ಐಡಿ ಯಾವಾಗಲೂ ಡೇಟಾಬೇಸೇ ಕೊಡಲಿ) ಇಟ್ಟರೆ ಹಳೆಯ ಐಡಿ ಹಾಕುವ ಇನ್ಸರ್ಟ್‌ಗೆ 'ಓವರ್‌ರೈಡಿಂಗ್ ಸಿಸ್ಟಮ್ ವ್ಯಾಲ್ಯೂ' ಬೇಕು. ಸಾಲುಗಳನ್ನು ಒಟ್ಟಿಗೆ ತುಂಬುವ ಕಾಪಿ ಕಮಾಂಡ್‌ಗೆ ಬೇಡ. ಮೈಎಸ್‌ಕ್ಯೂಎಲ್‌ನಲ್ಲಿ ಅನ್‌ಸೈನ್ಡ್ ಇಂಟ್ (ಋಣ ಸಂಖ್ಯೆ ಇಲ್ಲದ ಪೂರ್ಣಾಂಕ) ಇದ್ದದ್ದನ್ನು ಬಿಗ್‌ಇಂಟ್ ಮಾಡಿ, ಪೋಸ್ಟ್‌ಗ್ರೆಸ್‌ನ ಇಂಟಿಜರ್ 2147483647ಕ್ಕೇ ಮುಗಿಯುತ್ತದೆ.

ಐಡಿಯನ್ನೇ ಬಿಲ್ ನಂಬರ್ ಮಾಡಿ ಅಂದವರಿಗೆ: ಬೇಡ. ರೋಲ್‌ಬ್ಯಾಕ್ ಆದ (ಸೇವ್ ಆಗದೆ ರದ್ದಾದ) ಎಂಟ್ರಿಯ ನಂಬರ್ ವಾಪಸ್ ಬರೋದಿಲ್ಲ, ನಡುವೆ ನಂಬರ್ ತಪ್ಪುತ್ತದೆ, ಆದರೆ ಜಿಎಸ್‌ಟಿ ಇನ್‌ವಾಯ್ಸ್‌ಗೆ ಕ್ರಮಸಂಖ್ಯೆ ಸತತವಾಗಿರಬೇಕು. ಅದಕ್ಕೆ ಬೇರೆ ಕೌಂಟರ್ ಟೇಬಲ್ ಇಟ್ಟಿದೆ.